ಹೊಸ ಚರ್ಚ್ ಯಾಕೆ ಕಲ್ಯಾಣ ಮಂಟಪದ ಹಾಗೆ ಅನ್ನಿಸುತ್ತದೆ? ಆಧುನಿಕ ಕಥೋಲಿಕ ವಾಸ್ತುಶಿಲ್ಪದ ಬಗ್ಗೆ ಓದಿನ ಟಿಪ್ಪಣಿ

ಬೆಂಗಳೂರಿನಲ್ಲಿ ಯಾವುದೇ ಹೊಸ ಕಾಂಕ್ರೀಟ್ ಚರ್ಚಿನ ಮಾತು ಬಂದರೂ ಒಂದು ದೂರು ಕೇಳಿಸುತ್ತದೆ: "ಒಳಗೆ ಹೋದ್ರೆ ಕಲ್ಯಾಣ ಮಂಟಪದ ತರ ಇದೆ, ಪ್ರಾರ್ಥನೆಗೆ ಮನಸ್ಸೇ ಬರಲ್ಲ." ಹಿರಿಯರು ಹೀಗೆ ಅಂದರೆ ನಾವು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅದನ್ನು ಹಳೆಯದರ ಮೇಲಿನ ಮೋಹ ಎಂದು ಸುಮ್ನೆ ತಳ್ಳಿಹಾಕುತ್ತೇವೆ. ಆದರೆ ಆ ದೂರು ಸಾಕಷ್ಟು ನಿಖರವಾಗಿದೆ. ಚಪ್ಪಟೆ ಚಾವಣಿ, ಎಲ್ಲ ಕಡೆ ಒಂದೇ ಸಮನಾದ ಟ್ಯೂಬ್‌ಲೈಟ್, ಎದುರಿಗೆ ಎತ್ತರದ ವೇದಿಕೆ, ಅದರ ಮುಂದೆ ಕುರ್ಚಿ ಸಾಲು. ಇವಿಷ್ಟು ಸೇರಿದರೆ ಗೋಡೆಯ ಮೇಲೆ ಶಿಲುಬೆ ಇದ್ದರೂ ಮೈ ಅದನ್ನು ಸಭಾಂಗಣ ಎಂದೇ ಓದುತ್ತದೆ. ಹಾಗಾಗಿ ಭಕ್ತರ ಮೇಲಾಗುವ ಪರಿಣಾಮವನ್ನು ಹಳೇ ಶೈಲಿ, ಹೊಸ ಶೈಲಿ ಎಂಬ ಜಗಳದಲ್ಲಿ ಹುಡುಕಬೇಡಿ. ಪ್ಲಾನ್, ಬೆಳಕು, ಸದ್ದು ಮತ್ತು ಪರಮಪ್ರಸಾದದ ಪೆಟ್ಟಿಗೆ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ ಇಡುವ ಪೆಟ್ಟಿಗೆ) ಇರುವ ಜಾಗ, ಇವುಗಳಲ್ಲಿ ಹುಡುಕಿ.

ಮೊದಲು ಇತಿಹಾಸ, ಬೇಗ ಮುಗಿಸೋಣ. ಆಧುನಿಕ ಚರ್ಚ್ ದ್ವಿತೀಯ ವ್ಯಾಟಿಕನ್ ಮಹಾಸಭೆಯಿಂದ (ಕಥೋಲಿಕ ಬಿಷಪ್ಪರ ಜಾಗತಿಕ ಸಭೆ) ಹುಟ್ಟಿತು ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ಆಗಸ್ಟ್ ಪೆರೆ ಪ್ಯಾರಿಸ್ ಬಳಿಯ ಲ ರೆನ್ಸಿಯಲ್ಲಿ ಬರೀ ಕಾಂಕ್ರೀಟಿನ ಚರ್ಚ್ ಕಟ್ಟಿದ್ದು 1923ರಲ್ಲಿ. ರುಡಾಲ್ಫ್ ಶ್ವಾರ್ಟ್ಸ್ ಜರ್ಮನಿಯ ಆಖೆನ್‌ನಲ್ಲಿ ಬಿಳಿ ಡಬ್ಬಿಯಂಥ ಚರ್ಚ್ ಕಟ್ಟಿದ್ದು 1930ರಲ್ಲಿ. ಲ ಕಾರ್ಬೂಸಿಯೆ ಫ್ರಾನ್ಸಿನ ರೋನ್‌ಶಾಂನಲ್ಲಿ ಕಟ್ಟಿದ ಪ್ರಾರ್ಥನಾಲಯ ಮುಗಿದದ್ದು 1955ರಲ್ಲಿ. ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಅದು ತಂದದ್ದು ಕಾಂಕ್ರೀಟನ್ನಲ್ಲ, ಪೂಜೆಯ ಬದಲಾವಣೆಯನ್ನು. ಪೂಜಾವಿಧಿಯ ಬಗ್ಗೆ 1963ರ ಡಿಸೆಂಬರಿನಲ್ಲಿ ಬಂದ ದಾಖಲೆ, ಜನ ಸುಮ್ನೆ ನೋಡುತ್ತಾ ಕೂರದೆ ಬಲಿಪೂಜೆಯಲ್ಲಿ (ಮಾಸ್) ಪೂರ್ತಿಯಾಗಿ, ತಿಳಿದು, ಸಕ್ರಿಯವಾಗಿ ಪಾಲ್ಗೊಳ್ಳಬೇಕು ಎಂದಿತು. 1964ರ ಸೂಚನೆ ಬಲಿಪೀಠವನ್ನು (ಪೂಜೆ ಅರ್ಪಿಸುವ ಮೇಜನ್ನು) ಗೋಡೆಯಿಂದ ಬಿಡಿಸಿ, ಸುತ್ತ ಓಡಾಡುವಂತೆ, ಜನರತ್ತ ಮುಖ ಮಾಡಿ ಪೂಜೆ ಅರ್ಪಿಸಲು ಆಗುವಂತೆ ಕಟ್ಟುವುದು ಒಳ್ಳೆಯದು ಎಂದಿತು. ಲ್ಯಾಟಿನ್ ಹೋಗಿ ಕನ್ನಡ, ತಮಿಳು, ಕೊಂಕಣಿ ಬಂದವು. ಜನರಿಗೆ ಮಾತು ಅರ್ಥವಾಗಬೇಕಾದರೆ ಮೊದಲು ಅದು ಸರಿಯಾಗಿ ಕೇಳಿಸಬೇಕು, ಅಲ್ವಾ? ಸದ್ದಿನ ತೊಂದರೆ ಶುರುವಾಗುವುದು ಇಲ್ಲಿಂದಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಪ್ಲಾನ್. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕ 1882ರದು, ಗೋಥಿಕ್. ಉದ್ದ ಹಾಲು, ಎರಡೂ ಕಡೆ ಕಂಬದ ಸಾಲು, ಕೊನೆಯಲ್ಲಿ ಬಲಿಪೀಠ. ಒಳಗೆ ಕಾಲಿಟ್ಟ ಕೂಡಲೇ ಆ ಕಂಬಗಳು ಕಣ್ಣನ್ನು ಒಂದೇ ದಿಕ್ಕಿಗೆ ಎಳೆಯುತ್ತವೆ, ಕಾಲೂ ಹಿಂದೆಯೇ ಹೋಗುತ್ತದೆ. ಅಂದರೆ ಪ್ಲಾನೇ ಒಂದು ಮೆರವಣಿಗೆ. ಕಂಬದ ಹಿಂದೆ ಕೂತವರಿಗೆ ಗುರುಗಳು (ಪಾದ್ರಿ) ಕಾಣುವುದಿಲ್ಲ ಎನ್ನುವುದು ದೋಷ ಹೌದು. ಆದರೆ ಅತ್ತುಕೊಂಡು ಬಂದವರಿಗೆ ಅದೇ ಕಂಬ ಮರೆ ಕೊಡುತ್ತದೆ. ಈ ಲಾಭ ಯಾವ ಡ್ರಾಯಿಂಗಿನಲ್ಲೂ ಕಾಣುವುದಿಲ್ಲ.

ಬೀಸಣಿಗೆ ಆಕಾರದ ಅಥವಾ ದುಂಡಗಿನ ಪ್ಲಾನ್ ಇದಕ್ಕೆ ತದ್ವಿರುದ್ಧ. 1967ರಲ್ಲಿ ತೆರೆದ ಲಿವರ್‌ಪೂಲ್ ಕಥೋಲಿಕ ಕ್ಯಾಥೆಡ್ರಲ್ ಒಳ್ಳೆಯ ಉದಾಹರಣೆ. ಫ್ರೆಡ್ರಿಕ್ ಗಿಬರ್ಡ್ ಬಲಿಪೀಠವನ್ನು ವೃತ್ತದ ನಡುವೆ ಇಟ್ಟರು. ಎಲ್ಲರೂ ಹತ್ತಿರ, ಎಲ್ಲರಿಗೂ ಕಾಣುತ್ತದೆ. ಮಹಾಸಭೆ ಕೇಳಿದ್ದೂ ಅದನ್ನೇ. ಆದರೆ ಗುರುಗಳು ಯಾವ ಕಡೆ ತಿರುಗಿದರೂ ಯಾರಿಗೋ ಬೆನ್ನು. ಬಲಿಪೀಠದ ಆಚೆ ಇನ್ನೊಬ್ಬರ ಮುಖ ಕಾಣುತ್ತದೆ. ಸಮುದಾಯದ ಭಾವ ಬೇಕೆನ್ನುವವರಿಗೆ ಅದು ವರ. ಒಬ್ಬರೇ ಕೂತು ಪ್ರಾರ್ಥಿಸಬೇಕೆನ್ನುವವರಿಗೆ ಅಪರಿಚಿತರ ಕಣ್ಣು ಎದುರಿಸುವ ಮುಜುಗರ. (ಆ ಕಟ್ಟಡದ ಚಾವಣಿ ವರ್ಷಗಟ್ಟಲೆ ಸೋರಿತು. ಹೊಸ ಸಾಮಗ್ರಿಯ ಉತ್ಸಾಹಕ್ಕೆ ತೆತ್ತ ಬೆಲೆ. ನಮ್ಮ ಮಳೆಯಲ್ಲಿ ಇದನ್ನು ಮರೆಯಬಾರದು.)

ಬೆಳಕಿನ ವಿಷಯದಲ್ಲಿ ಮಾತ್ರ ಆಧುನಿಕರು ಹಳಬರಿಗೆ ಏನೂ ಕಡಿಮೆ ಇಲ್ಲ ಎಂದೇ ನನ್ನ ಅಭಿಪ್ರಾಯ. ರೋನ್‌ಶಾಂನ ದಕ್ಷಿಣದ ಗೋಡೆ ತುಂಬಾ ದಪ್ಪ. ಅದರಲ್ಲಿ ಬೇರೆ ಬೇರೆ ಅಳತೆಯ ಆಳದ ಕಿಟಕಿಗಳು. ಭಾರವಾಗಿ ಕಾಣುವ ಚಾವಣಿ ಗೋಡೆಯ ಮೇಲೆ ಕೂತಿಲ್ಲ, ನಡುವೆ ಸುಮಾರು 10 ಸೆಂ.ಮೀ. ಸಂದಿ ಇದೆ. ಅದರಿಂದ ಬೆಳಕಿನ ಗೆರೆಯೊಂದು ಒಳಗೆ ಬಂದು, ಅಷ್ಟು ದೊಡ್ಡ ಚಾವಣಿ ತೇಲುತ್ತಿದೆ ಅನ್ನಿಸುತ್ತದೆ. ಆಸ್ಕರ್ ನೀಮಯರ್ ಅವರ ಬ್ರೆಸಿಲಿಯಾ ಕ್ಯಾಥೆಡ್ರಲ್‌ಗೆ (1970) ನೆಲದಡಿಯ ಕತ್ತಲ ದಾರಿಯಲ್ಲಿ ಇಳಿದು ಹೋಗಬೇಕು. ಹೊರಬಂದರೆ 16 ಬಾಗಿದ ಕಾಂಕ್ರೀಟ್ ಕಂಬಗಳ ನಡುವೆ ಗಾಜು, ಮೇಲೆ ಆಕಾಶ. ಇವೆರಡರಲ್ಲೂ ಕತ್ತಲೆ ಇದೆ, ಆದ್ದರಿಂದಲೇ ಬೆಳಕಿಗೆ ಅರ್ಥ ಇದೆ. ನಮ್ಮ ಮಂಟಪದಂಥ ಚರ್ಚುಗಳಲ್ಲಿ ಇಲ್ಲದಿರುವುದು ಇದೇ: ನೆರಳು. ಗೋಡೆ ಒಡೆಯದೆ ಸುಲಭವಾಗಿ ಸರಿಪಡಿಸಬಹುದಾದ ದೋಷವೂ ಇದು. ಜನ ಕೂರುವ ಜಾಗದ ಬೆಳಕು ಇಳಿಸಿ, ಬಲಿಪೀಠದ ಮೇಲೆ ಜಾಸ್ತಿ ಮಾಡಿದರೆ ಅರ್ಧ ದೂರು ಹೋಗುತ್ತದೆ.

ಸದ್ದಿಗೆ ಒಂದು ಲೆಕ್ಕ ಮಾಡೋಣ. ಪ್ರತಿಧ್ವನಿ ಉಳಿಯುವ ಕಾಲಕ್ಕೆ ಸಾಬಿನ್ ಸೂತ್ರ: 0.161 × ಗಾತ್ರ ÷ ಒಟ್ಟು ಹೀರಿಕೆ. 30 ಮೀ. ಉದ್ದ, 20 ಮೀ. ಅಗಲ, 10 ಮೀ. ಎತ್ತರದ ಹಾಲು ಅಂದುಕೊಳ್ಳಿ. ಗಾತ್ರ 6000 ಘನ ಮೀಟರ್. ನೆಲ, ಗೋಡೆ, ಚಾವಣಿ ಸೇರಿ 2200 ಚದರ ಮೀಟರ್. ಗ್ರಾನೈಟ್ ಮತ್ತು ಕಾಂಕ್ರೀಟ್ ಸದ್ದನ್ನು ಹೀರುವುದು ಸುಮಾರು ನೂರರಲ್ಲಿ ಎರಡು ಪಾಲು ಮಾತ್ರ. ಅಂದರೆ ಒಟ್ಟು ಹೀರಿಕೆ 44. ಒಬ್ಬ ವ್ಯಕ್ತಿಗೆ 0.5 ಎಂದು ಹಿಡಿದರೆ, ಭಾನುವಾರ 500 ಜನ ಬಂದಾಗ 250 ಸೇರಿ 294. ಉತ್ತರ ಸುಮಾರು 3.3 ಸೆಕೆಂಡ್. ವಾರದ ದಿನ ಬೆಳಗಿನ ಪೂಜೆಗೆ 50 ಜನ ಇದ್ದರೆ ಒಟ್ಟು ಹೀರಿಕೆ 69, ಉತ್ತರ 14 ಸೆಕೆಂಡ್! ನಿಜದಲ್ಲಿ ಇಷ್ಟು ಕೆಡುವುದಿಲ್ಲ. ಬೆಂಚು, ಬಾಗಿಲು, ಗಾಳಿ ಎಲ್ಲವೂ ಸ್ವಲ್ಪ ಸ್ವಲ್ಪ ಹೀರುತ್ತವೆ. ಆದರೆ ದಿಕ್ಕು ಸ್ಪಷ್ಟ. ಇಂಥ ಹಾಲಿನಲ್ಲಿ ಮಾತು ತಿಳಿಯಾಗಿ ಕೇಳಿಸಲು ಒಂದೂವರೆ ಸೆಕೆಂಡಿನ ಆಸುಪಾಸು ಇರಬೇಕು. ಲ್ಯಾಟಿನ್ ಗಾಯನಕ್ಕೆ ಉದ್ದ ಪ್ರತಿಧ್ವನಿ ಚೆಂದ, ಕನ್ನಡದ ಪ್ರಬೋಧನೆಗೆ (ಗುರುಗಳ ಉಪದೇಶಕ್ಕೆ) ಅದೇ ಶತ್ರು. ಪಾಲ್ಗೊಳ್ಳಿ ಎಂದು ಜನರನ್ನು ಕರೆದು, ವಾಕ್ಯವೇ ಕೇಳಿಸದ ಹಾಲು ಕಟ್ಟಿದರೆ ಏನು ಬಂತು? ತೆರೆದ ಕಿಟಕಿ ತನಗೆ ಬಿದ್ದ ಸದ್ದನ್ನೆಲ್ಲ ಹೊರಗೆ ಬಿಡುತ್ತದೆ. 60 ಚದರ ಮೀಟರ್ ಕಿಟಕಿ ತೆರೆದರೆ ಆ 14 ಸೆಕೆಂಡ್ 7.5ಕ್ಕೆ ಇಳಿಯುತ್ತದೆ. ಆದರೆ ಕಿಟಕಿ ತೆರೆದರೆ ಹಾರ್ನ್ ಒಳಗೆ ಬರುತ್ತದೆ, ಇದು ಬೆಂಗಳೂರು. ಸ್ಪೀಕರ್ ಜೋರು ಮಾಡಿದರೆ ಪ್ರತಿಧ್ವನಿಯೂ ಜೋರಾಗುತ್ತದೆ ಅಷ್ಟೆ. ಹಿಂದಿನ ಗೋಡೆಗೂ ಚಾವಣಿಗೂ ಸದ್ದು ಹೀರುವ ಹೊದಿಕೆ ಹಾಕುವುದೇ ಸರಿಯಾದ ದಾರಿ.

ಇನ್ನು ಪರಮಪ್ರಸಾದದ ಪೆಟ್ಟಿಗೆ. ಮೊದಲು ಅದು ಬಲಿಪೀಠದ ಮೇಲೆ, ನಟ್ಟನಡುವೆ ಇರುತ್ತಿತ್ತು. ಮಹಾಸಭೆಯ ನಂತರ ಅನೇಕ ಕಡೆ ಪಕ್ಕಕ್ಕೆ ಅಥವಾ ಬೇರೆ ಪ್ರಾರ್ಥನಾಲಯಕ್ಕೆ ಹೋಯಿತು. ಬಲಿಪೂಜೆಯ ಹೊತ್ತಿನಲ್ಲಿ ತೊಂದರೆ ಇಲ್ಲ. ಆದರೆ ಮಧ್ಯಾಹ್ನ ಆಫೀಸಿನಿಂದ ಐದು ನಿಮಿಷಕ್ಕೆ ಬಂದವರು ಎಲ್ಲಿ ಮೊಣಕಾಲೂರಬೇಕು? ಸ್ವರೂಪಗಳೂ (ಪ್ರತಿಮೆಗಳೂ) ಕಡಿಮೆಯಾದ ಚರ್ಚಿನಲ್ಲಿ ಅವರ ಕೈಗೆ ಮುಟ್ಟಲು ಏನೂ ಇಲ್ಲ. ನಮ್ಮ ಊರಿನ ಭಕ್ತಿ ಮುಟ್ಟುವ ಭಕ್ತಿ. ಮೇಣದಬತ್ತಿ ಹಚ್ಚಬೇಕು, ಪಾದ ಮುಟ್ಟಬೇಕು, ಹೂವು ಇಡಬೇಕು. ಬೆಸಿಲಿಕದಲ್ಲಿ ಸೀರೆ ಉಟ್ಟ ಆರೋಗ್ಯಮಾತೆಯ ಮುಂದೆ, ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರಗಳಂದು, ಬೇರೆ ಧರ್ಮದವರೂ ಮಾಡುವುದು ಇದನ್ನೇ. ಒಳಗೆ ಜಾಗ ಕೊಡದಿದ್ದರೆ ಈ ಭಕ್ತಿ ನಿಲ್ಲುವುದಿಲ್ಲ, ಅಂಗಳದಲ್ಲಿರುವ ಮರಿಯಮಾತೆಯ ಗವಿಗೆ ಹೋಗುತ್ತದೆ. ಹೊಸ ಚರ್ಚುಗಳನ್ನು ಗಮನಿಸಿ: ಎಷ್ಟೋ ಕಡೆ ಒಳಗೆ ಸಮುದಾಯದ ಪೂಜೆ, ಹೊರಗೆ ಒಬ್ಬೊಬ್ಬರ ಪ್ರಾರ್ಥನೆ ಎಂದು ಎರಡು ಹೋಳಾಗಿದೆ. ನೆರಳೂ ಇಲ್ಲದ ಗವಿಯ ಮುಂದೆ ಜನ ಬಿಸಿಲಲ್ಲಿ ನಿಂತಿದ್ದರೆ ತಪ್ಪು ಡಿಸೈನಿನದು, ಭಕ್ತರದಲ್ಲ.

ಆಧುನಿಕ ಎಂದರೆ ಯುರೋಪಿನ ನಕಲೇ ಆಗಬೇಕಿಲ್ಲ. ಚಾರ್ಲ್ಸ್ ಕೊರಿಯಾ 1970ರ ದಶಕದಲ್ಲಿ ಮುಂಬೈಯ ದಾದರ್‌ನಲ್ಲಿ ಕಟ್ಟಿದ ಚರ್ಚ್ ತೆರೆದ ಅಂಗಳಗಳನ್ನೂ ಕಾಂಕ್ರೀಟ್ ಚಿಪ್ಪುಗಳನ್ನೂ ಹೆಣೆಯುತ್ತದೆ. ನಮ್ಮಲ್ಲೇ, 1967ರಲ್ಲಿ ಫಾದರ್ ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಆರಂಭಿಸಿದ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮಬೋಧೆ ಮತ್ತು ಪೂಜಾವಿಧಿಯ ರಾಷ್ಟ್ರೀಯ ಕೇಂದ್ರ) ಇದೆ. 1969ರಲ್ಲಿ ರೋಮ್ ಭಾರತಕ್ಕೆ ಪೂಜೆಯಲ್ಲಿ 12 ಅಂಶಗಳ ಹೊಂದಾಣಿಕೆ ಒಪ್ಪಿತು: ಚಪ್ಪಲಿ ಬಿಡುವುದು, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ, ಎಣ್ಣೆ ದೀಪ ಇತ್ಯಾದಿ. ಕೆಲವು ಕಥೋಲಿಕರೇ ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಆ ವಾದ ಬದಿಗಿಟ್ಟು ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿ ತೋರಿಸುವ ನಕ್ಷೆ) ನೋಡಿ. ನೆಲದ ಮೇಲೆ ಕೂತವರ ಕಣ್ಣು ಕುರ್ಚಿಯಲ್ಲಿ ಕೂತವರದಕ್ಕಿಂತ ಸುಮಾರು ಒಂದೂವರೆ ಅಡಿ ಕೆಳಗೆ. ಬಲಿಪೀಠ ತಗ್ಗಬೇಕು, ಕಿಟಕಿಯ ಅಂಚು ಇಳಿಯಬೇಕು, ಆಗ ಅದೇ ಚಾವಣಿ ಎತ್ತರವಾಗುತ್ತದೆ. ಚಪ್ಪಲಿ ಬಿಡುವ ಜಾಗ ಬೇಕಾದ್ದರಿಂದ ಬಾಗಿಲ ಬಳಿ ನಿಧಾನಿಸುವ ಒಂದು ಹೊಸಿಲು ತಾನಾಗೇ ಹುಟ್ಟುತ್ತದೆ. ಮಂಡಿನೋವಿನ ಹಿರಿಯರಿಗೆ ಮಾತ್ರ ಹಿಂದೆ ಕುರ್ಚಿ ಇಡಲೇಬೇಕು. ಅವರು ಹಿಂದೆ ಕೂತರೆ ಕಣ್ಣಿನ ಮಟ್ಟ ಎರಡಾಗುತ್ತದೆ, ಆದ್ದರಿಂದ ವಾಚನ ಪೀಠದ ಎತ್ತರವನ್ನು ಕುರ್ಚಿಯವರಿಗೆ ಹೊಂದಿಸಿ, ಬಲಿಪೀಠದ್ದನ್ನು ನೆಲದವರಿಗೆ ಹೊಂದಿಸಿ ಎಂಬುದು ನನ್ನ ಸಲಹೆ.