ಸಿಡಿಎಂ 2015: ಕೋಆರ್ಡಿನೇಟರ್ ಕೆಲಸ ಯಾರ ಪಾಲಿಗೆ ಬಂತು?

ಬ್ರಿಟನ್ನಿನ ಕಟ್ಟಡ ಸುರಕ್ಷತಾ ನಿಯಮಗಳನ್ನು, ಅಂದರೆ ಸಿಡಿಎಂ (ಕನ್‌ಸ್ಟ್ರಕ್ಷನ್ ಡಿಸೈನ್ ಅಂಡ್ ಮ್ಯಾನೇಜ್‌ಮೆಂಟ್) ನಿಯಮಗಳನ್ನು, ಪರೀಕ್ಷೆಗೆ ಓದುವಾಗ ಮೊದಲು ತಲೆ ಕೆಡಿಸುವುದು ಹುದ್ದೆಗಳ ಹೆಸರು. ಹಳೇ ಟಿಪ್ಪಣಿಯಲ್ಲಿ ಪ್ಲಾನಿಂಗ್ ಸೂಪರ್‌ವೈಸರ್ ಅಂತ ಇರುತ್ತದೆ, ಇನ್ನೊಂದರಲ್ಲಿ ಸಿಡಿಎಂ ಕೋಆರ್ಡಿನೇಟರ್, ಮತ್ತೊಂದರಲ್ಲಿ ಪ್ರಿನ್ಸಿಪಲ್ ಡಿಸೈನರ್. ಮೂರೂ ವಿನ್ಯಾಸ ಹಂತದಲ್ಲಿ ಸುರಕ್ಷತೆಯ ಸಮನ್ವಯ ನೋಡುವ ಹುದ್ದೆಗಳೇ, ಆದರೆ ಮೂರು ಕಾಲದವು. ಮೊದಲನೆಯದು 1994ರ ನಿಯಮದ್ದು, ಎರಡನೆಯದು 2007ರದ್ದು, ಮೂರನೆಯದು 2015ರ ಏಪ್ರಿಲ್ 6ರಿಂದ ಜಾರಿಯಲ್ಲಿರುವುದು. ಆಗ ನಡೆಯುತ್ತಿದ್ದ ಕಾಮಗಾರಿಗಳಲ್ಲಿ ಹಳೇ ಕೋಆರ್ಡಿನೇಟರ್ ಮುಂದುವರಿಯಲು 2015ರ ಅಕ್ಟೋಬರ್ 6ರವರೆಗೆ ಅವಕಾಶ ಇತ್ತು.

ಬದಲಾಯಿಸಿದ್ದು ಯಾಕೆ? ಕೋಆರ್ಡಿನೇಟರ್‌ಗಳನ್ನು ಎಷ್ಟೋ ಕಡೆ ತಡವಾಗಿ ನೇಮಿಸುತ್ತಿದ್ದರು. ಅವರು ಬರುವ ಹೊತ್ತಿಗೆ ನಕ್ಷೆ ಬಹುಪಾಲು ಮುಗಿದಿರುತ್ತಿತ್ತು. ಹೊರಗಿನಿಂದ ಬಂದವರು ಸಲಹೆ ಕೊಡಬಹುದು, ಆದರೆ ಗೆರೆ ಬದಲಿಸುವ ಅಧಿಕಾರ ಅವರ ಕೈಯಲ್ಲಿ ಇರುತ್ತಿರಲಿಲ್ಲ. ಕೊನೆಗೆ ಉಳಿಯುತ್ತಿದ್ದದ್ದು ದಪ್ಪ ದಪ್ಪ ಫೈಲುಗಳು.

ಒಂದು ಉದಾಹರಣೆ ನೋಡಿ. ಗೋದಾಮಿನ ಚಾವಣಿಯಲ್ಲಿ ಬೆಳಕಿಗಾಗಿ ಪ್ಲಾಸ್ಟಿಕ್ ಶೀಟು ಹಾಕುತ್ತಾರೆ. ಹತ್ತು ವರ್ಷ ಬಿಸಿಲು ತಿಂದ ಮೇಲೆ ಅದು ಸುತ್ತಲಿನ ತಗಡಿನ ಬಣ್ಣಕ್ಕೇ ತಿರುಗಿ, ಗುರುತೇ ಸಿಗದಂತೆ ಆಗಬಹುದು. ಮಳೆನೀರಿನ ದೋಣಿ ಸ್ವಚ್ಛ ಮಾಡಲು ಹತ್ತಿದವನು ಅದರ ಮೇಲೆ ಕಾಲಿಟ್ಟರೆ ನೇರ ಕೆಳಗೆ. ಇದನ್ನು ತಡೆಯಲು ಎರಡು ದಾರಿ. ಹತ್ತುವವನಿಗೆ ಸೇಫ್ಟಿ ಬೆಲ್ಟ್ ಕೊಟ್ಟು, ‘ಎಚ್ಚರಿಕೆ’ ಅಂತ ಬೋರ್ಡ್ ಹಾಕುವುದು ಒಂದು. ತೂಕ ತಡೆಯುವ ಶೀಟನ್ನೇ ನಕ್ಷೆಯಲ್ಲಿ ಬರೆದು, ಅಂಚಿಗೆ ಗಟ್ಟಿ ತಡೆಗೋಡೆ ಕೊಡುವುದು ಇನ್ನೊಂದು. ಎರಡನೆಯದು ಮಾಡಬಲ್ಲವರು ವಿನ್ಯಾಸಕರು ಮಾತ್ರ, ಅದೂ ಶುರುವಿನಲ್ಲೇ. ಅಪಾಯವನ್ನು ಮೂಲದಲ್ಲೇ ತೆಗೆಯಿರಿ, ಆಗದಿದ್ದರೆ ಕಡಿಮೆ ಮಾಡಿ, ಉಳಿದದ್ದನ್ನು ಮುಂದಿನವರಿಗೆ ತಿಳಿಸಿ: ಈ ಕ್ರಮ ನೆನಪಿದ್ದರೆ 2015ರ ಬದಲಾವಣೆಯ ತರ್ಕ ತಾನಾಗೇ ಅರ್ಥ ಆಗುತ್ತದೆ. ನನ್ನ ಮಟ್ಟಿಗೆ ಇಡೀ ನಿಯಮದ ಜೀವ ಇರುವುದು ಇಲ್ಲೇ.

ಹಾಗಾಗಿ ಪ್ರಿನ್ಸಿಪಲ್ ಡಿಸೈನರ್ ಆಗುವವರು ಸ್ವತಃ ವಿನ್ಯಾಸಕರಾಗಿರಬೇಕು, ಕಾಮಗಾರಿಗೆ ಮುಂಚಿನ ಹಂತದ ಮೇಲೆ ಅವರಿಗೆ ಹಿಡಿತ ಇರಬೇಕು. ಅದು ಸಂಸ್ಥೆಯೂ ಆಗಬಹುದು, ಒಬ್ಬ ವ್ಯಕ್ತಿಯೂ ಆಗಬಹುದು. ಸುಮ್ನೆ ಕೋಆರ್ಡಿನೇಟರ್‌ಗೆ ಹೊಸ ಹೆಸರು ಇಟ್ಟಿದ್ದಾರೆ ಅಂತ ಬರೆದರೆ ಅಂಕ ಹೋಗುತ್ತದೆ. ಯಾಕೆಂದರೆ ಹಳೇ ಕೆಲಸ ಇಡಿಯಾಗಿ ಒಬ್ಬರಿಗೆ ಬರಲಿಲ್ಲ, ಹಂಚಿಹೋಯಿತು. ವಿನ್ಯಾಸ ಹಂತದ ಸಮನ್ವಯ ಮತ್ತು ಸುರಕ್ಷತಾ ಫೈಲ್ ತಯಾರಿ ಪ್ರಿನ್ಸಿಪಲ್ ಡಿಸೈನರ್‌ಗೆ ಬಂತು. ಎಚ್‌ಎಸ್‌ಇಗೆ (ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ನಿಯಂತ್ರಣ ಸಂಸ್ಥೆ) ಕಾಮಗಾರಿಯ ಸೂಚನೆ ಕೊಡುವುದು, ಅಂದರೆ ಎಫ್-10 ನಮೂನೆ, ಮೊದಲು ಕೋಆರ್ಡಿನೇಟರ್ ಕೆಲಸ ಆಗಿತ್ತು. ಈಗ ಅದು ಕ್ಲೈಂಟ್‌ನ, ಅಂದರೆ ಕೆಲಸ ಮಾಡಿಸುವವರ, ಹೊಣೆ. ಕ್ಲೈಂಟ್ ಬೇಕಾದರೆ ಸಲಹೆಗಾರರನ್ನು ಇಟ್ಟುಕೊಳ್ಳಲಿ, ಹೊಣೆ ಮಾತ್ರ ದಾಟಿಸಲು ಆಗುವುದಿಲ್ಲ. ಕೆಲಸ ನಡೆಯುವ ಹಂತದ ಸಮನ್ವಯ ಮೊದಲಿನಂತೆ ಪ್ರಿನ್ಸಿಪಲ್ ಕಾಂಟ್ರಾಕ್ಟರ್ (ಮುಖ್ಯ ಗುತ್ತಿಗೆದಾರ) ಕೈಯಲ್ಲೇ.

ಜಾಸ್ತಿ ಜನ ಎಡವುವ ಜಾಗ ಒಂದಿದೆ. ಸೂಚನೆ ಕೊಡುವುದಕ್ಕೆ ಒಂದು ಅಳತೆ, ನೇಮಕಕ್ಕೆ ಬೇರೆಯೇ ಅಳತೆ. ಕೆಲಸ 30 ಕೆಲಸದ ದಿನ ಮೀರಿ, ಯಾವುದಾದರೂ ಹೊತ್ತಿನಲ್ಲಿ 20ಕ್ಕಿಂತ ಹೆಚ್ಚು ಜನ ಒಟ್ಟಿಗೆ ದುಡಿಯುವುದಿದ್ದರೆ ಸೂಚನೆ ಬೇಕು. ಇಲ್ಲವೇ ಒಟ್ಟು 500 ಆಳು-ದಿನ ಮೀರಿದರೂ ಬೇಕು. ನೇಮಕಕ್ಕೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಒಬ್ಬರಿಗಿಂತ ಹೆಚ್ಚು ಕಾಂಟ್ರಾಕ್ಟರ್ ಇರುತ್ತಾರೆ ಅಂತ ಗೊತ್ತಾದರೆ ಸಾಕು, ಪ್ರಿನ್ಸಿಪಲ್ ಡಿಸೈನರ್ ಮತ್ತು ಪ್ರಿನ್ಸಿಪಲ್ ಕಾಂಟ್ರಾಕ್ಟರ್ ಇಬ್ಬರನ್ನೂ ಬರಹದಲ್ಲಿ ನೇಮಿಸಬೇಕು. ಒಂದು ಸಣ್ಣ ಅಂಗಡಿಯ ನವೀಕರಣಕ್ಕೆ ಗಾರೆಯವರು ಬೇರೆ, ಎಲೆಕ್ಟ್ರಿಷಿಯನ್ ಬೇರೆ ಬಂದರೂ ಈ ನಿಯಮ ಅನ್ವಯಿಸುತ್ತದೆ. ಕ್ಲೈಂಟ್ ನೇಮಿಸದೆ ಕೂತರೆ ಆ ಕರ್ತವ್ಯಗಳು ಅವರ ಮೇಲೇ ಬೀಳುತ್ತವೆ.

ಸ್ವಂತ ಮನೆ ಕಟ್ಟಿಸುವವರೂ 2015ರಲ್ಲಿ ನಿಯಮದೊಳಗೆ ಬಂದರು. ಆದರೆ ಅವರ ಹೊರೆ ಸಾಮಾನ್ಯವಾಗಿ ಕಾಂಟ್ರಾಕ್ಟರ್‌ಗೆ, ಒಬ್ಬರಿಗಿಂತ ಹೆಚ್ಚಿದ್ದರೆ ಪ್ರಿನ್ಸಿಪಲ್ ಕಾಂಟ್ರಾಕ್ಟರ್‌ಗೆ ಹೋಗುತ್ತದೆ. ಬರಹದ ಒಪ್ಪಂದ ಇದ್ದರೆ ಪ್ರಿನ್ಸಿಪಲ್ ಡಿಸೈನರ್ ಕೂಡ ಅದನ್ನು ಹೊರಬಹುದು.

ಇನ್ನು ಸುರಕ್ಷತಾ ಫೈಲ್. ಕಟ್ಟಡವನ್ನು ಮುಂದೆ ರಿಪೇರಿ ಮಾಡುವವರು, ಕೆಡವುವವರು ಇದನ್ನೇ ನಂಬಬೇಕು. ಪ್ರಿನ್ಸಿಪಲ್ ಡಿಸೈನರ್ ಕೆಲಸ ಬೇಗ ಮುಗಿದರೆ ಫೈಲ್ ಪ್ರಿನ್ಸಿಪಲ್ ಕಾಂಟ್ರಾಕ್ಟರ್‌ಗೆ ಹೋಗಬೇಕು, ಕೊನೆಗೆ ಕ್ಲೈಂಟ್‌ಗೆ.

2023ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ ಇದೇ ಹೆಸರಿನ ಇನ್ನೊಂದು ಹುದ್ದೆ ಬಂದಿದೆ. 72 ಜನರ ಜೀವ ತೆಗೆದ 2017ರ ಗ್ರೆನ್‌ಫೆಲ್ ಟವರ್ ಬೆಂಕಿಯ ನಂತರದ ಸುಧಾರಣೆಗಳಲ್ಲಿ ಇದೂ ಒಂದು. ಈ ಪ್ರಿನ್ಸಿಪಲ್ ಡಿಸೈನರ್ ನೋಡಬೇಕಾದದ್ದು ವಿನ್ಯಾಸವು ಕಟ್ಟಡ ನಿಯಮಗಳಿಗೆ ಹೊಂದುತ್ತದೆಯೇ ಅನ್ನುವುದನ್ನು. ಸಿಡಿಎಂನವರು ನೋಡುವುದು ಕಟ್ಟುವವರ, ಬಳಸುವವರ ಆರೋಗ್ಯ ಮತ್ತು ಸುರಕ್ಷತೆಯನ್ನು. ಒಬ್ಬರೇ ಎರಡನ್ನೂ ವಹಿಸಿಕೊಳ್ಳಬಹುದು, ಆದರೆ ಅದು ತಾನಾಗಿ ಆಗುವುದಿಲ್ಲ, ಕ್ಲೈಂಟ್ ಬರಹದಲ್ಲಿ ಕೊಡಬೇಕು. ಪ್ರಶ್ನೆಯಲ್ಲಿ ‘ಪ್ರಿನ್ಸಿಪಲ್ ಡಿಸೈನರ್’ ಅಂತ ಕಂಡ ಕೂಡಲೇ ಉತ್ತರಕ್ಕೆ ಕೈ ಹಾಕಬೇಡಿ, ಯಾವ ನಿಯಮದ ಅಡಿಯಲ್ಲಿ ಕೇಳಿದ್ದಾರೆ ಅಂತ ಮೊದಲು ನೋಡಿ.