ಆರ್‌ಎಸ್‌ಎ: ವಿಮೆಯೂ ಅಲ್ಲ, ಕ್ಲೇಮೂ ಅಲ್ಲ

‘ನನ್ನ ಆರ್‌ಎಸ್‌ಎ ಕ್ಲೇಮ್ ರಿಜೆಕ್ಟ್ ಮಾಡಿಬಿಟ್ಟರು ಕಣ್ರಿ.’ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಆರ್‌ಎಸ್‌ಎ ಎಂದರೆ ರೋಡ್‌ಸೈಡ್ ಅಸಿಸ್ಟೆನ್ಸ್, ಗಾಡಿ ದಾರಿಯಲ್ಲಿ ಕೆಟ್ಟು ನಿಂತಾಗ ಸಿಗುವ ನೆರವು. ಕೇಳಿಸಿಕೊಂಡವರು ತಲೆಯಾಡಿಸಿ, ‘ಅದೆಲ್ಲ ದುಡ್ಡು ದಂಡ, ತಗೋಬೇಡಿ’ ಎಂದು ತೀರ್ಪು ಕೊಡುತ್ತಾರೆ. ಆಮೇಲೆ ವಿಚಾರಿಸಿದರೆ ಆದದ್ದು ಇಷ್ಟೇ ಆಗಿರುತ್ತದೆ: ಗಾಡಿ ಕೆಟ್ಟು ನಿಂತಿತ್ತು, ಟೋ ಗಾಡಿ ಬಂತು, ಗ್ಯಾರೇಜಿಗೆ ಸಾಗಿಸಿತು, ಆಲ್ಟರ್ನೇಟರ್ ಬದಲಾಯಿಸಿದ ಬಿಲ್ಲನ್ನು ಇವರು ಕಟ್ಟಬೇಕಾಯಿತು. ಆ ಬಿಲ್ಲನ್ನು ಆರ್‌ಎಸ್‌ಎ ಕಂಪನಿಗೆ ಕಳಿಸಿದ್ದಾರೆ, ಅವರು ಆಗುವುದಿಲ್ಲ ಎಂದಿದ್ದಾರೆ. ಅಲ್ಲಿ ತಿರಸ್ಕರಿಸಲು ಕ್ಲೇಮೇ ಇರಲಿಲ್ಲ. ಅವರು ಕೊಂಡಿದ್ದ ಸೇವೆ ಅವರಿಗೆ ಪೂರ್ತಿಯಾಗಿ ಸಿಕ್ಕಿತ್ತು.

ರೋಡ್‌ಸೈಡ್ ಅಸಿಸ್ಟೆನ್ಸ್ ಎನ್ನುವುದರಲ್ಲಿ ಭಾರ ಇರುವುದು ಅಸಿಸ್ಟೆನ್ಸ್ ಎಂಬ ಪದದ ಮೇಲೆ. ಲ್ಯಾಟಿನ್ನಿನ ‘ಅಸಿಸ್ಟೆರೆ’ ಎಂದರೆ ಪಕ್ಕದಲ್ಲಿ ಬಂದು ನಿಲ್ಲುವುದು. ಈ ಸೇವೆಯ ವ್ಯಾಪ್ತಿಯೂ ಹೆಚ್ಚುಕಡಿಮೆ ಅಷ್ಟೇ. ಯಾರೋ ಒಬ್ಬರು ನೀವಿರುವಲ್ಲಿಗೆ ಬರುತ್ತಾರೆ, ಅಲ್ಲೇ ಗಾಡಿ ಹೊರಡಿಸಲು ನೋಡುತ್ತಾರೆ, ಆಗದಿದ್ದರೆ ಗ್ಯಾರೇಜಿಗೆ ಮುಟ್ಟಿಸುತ್ತಾರೆ. ಬಂದವರ ಶ್ರಮಕ್ಕೆ ಮತ್ತು ಓಡಾಟಕ್ಕೆ ನೀವು ಮೊದಲೇ ದುಡ್ಡು ಕೊಟ್ಟಿದ್ದೀರಿ. ಬಿಡಿಭಾಗ, ಪೆಟ್ರೋಲು, ಗ್ಯಾರೇಜಿನ ಕೂಲಿ ಇವೆಲ್ಲ ನಿಮ್ಮ ಜೇಬಿನದೇ. ‘ತುರ್ತು ಇಂಧನ ಪೂರೈಕೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಬಹುತೇಕ ಪ್ಲಾನುಗಳಲ್ಲಿ ತಂದುಕೊಡುವುದು ಮಾತ್ರ ಉಚಿತ, ತಂದ ಪೆಟ್ರೋಲಿಗೆ ಕಾಸು ಕೊಡಬೇಕು.

ವಿಮೆಯ ಕಥೆ ಪೂರ್ತಿ ಬೇರೆ. ಎರಡನ್ನೂ ಒಂದೇ ಏಜೆಂಟು ಒಂದೇ ಕಾಗದದಲ್ಲಿ ಮಾರುತ್ತಾನೆ ಎಂಬ ಕಾರಣಕ್ಕೆ ಜನ ಒಂದೇ ಎಂದುಕೊಳ್ಳುತ್ತಾರೆ. ನಿಮ್ಮ ಕಾರಿನ ಪ್ಯಾಕೇಜ್ ಪಾಲಿಸಿಯನ್ನು (ಜನ ಫುಲ್ ಇನ್ಶೂರೆನ್ಸ್ ಎನ್ನುವುದು ಇದನ್ನೇ) ಒಂದು ಸಲ ತೆಗೆದು ನೋಡಿ. ಅಪಘಾತ, ಬೆಂಕಿ, ಕಳವು, ಪ್ರವಾಹ, ಗಲಭೆ, ಭೂಕುಸಿತ ಎಲ್ಲ ಪಟ್ಟಿಯಲ್ಲಿವೆ. ಕೆಳಗೆ ‘ಇವು ಸೇರುವುದಿಲ್ಲ’ ಎನ್ನುವ ಕಡೆ ಸವೆತ, ಯಾಂತ್ರಿಕ ಮತ್ತು ವಿದ್ಯುತ್ ದೋಷ ಎಂದು ಸ್ಪಷ್ಟವಾಗಿ ಬರೆದಿದೆ. ನಮ್ಮ ಗಾಡಿಗಳು ದಾರಿಯಲ್ಲಿ ನಿಲ್ಲುವುದು ಹೆಚ್ಚಾಗಿ ಯಾವುದರಿಂದ? ಬ್ಯಾಟರಿ ಡೌನ್, ಪಂಕ್ಚರ್, ಕ್ಲಚ್ ಸವೆದದ್ದು, ರೇಡಿಯೇಟರ್ ಹೋಸ್ ಒಡೆದದ್ದು. ಅಂದರೆ ದಾರಿಯಲ್ಲಿ ಕೈಕೊಡುವ ಕಾರಣಗಳಲ್ಲಿ ಹೆಚ್ಚಿನವು ವಿಮೆಯ ಹೊರಗೇ ಇವೆ. ಫುಲ್ ಇನ್ಶೂರೆನ್ಸ್ ಇದೆ, ಇನ್ನು ಆರ್‌ಎಸ್‌ಎ ಯಾಕೆ ಎಂದು ಕೇಳುವವರು ಈ ಒಂದು ಪುಟ ಓದಿದರೆ ಸಾಕು.

ಅದೇ ಪಾಲಿಸಿಯಲ್ಲಿ ಟೋಯಿಂಗ್ ಬಗ್ಗೆಯೂ ಒಂದು ವಾಕ್ಯ ಇದೆ. ವಾಹನ ವಿಮೆಯ ನಿಯಮಾವಳಿಯಾದ 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ ಬಂದ ಒಕ್ಕಣೆ ಅದು. ವಿಮೆಗೆ ಒಳಪಟ್ಟ ಹಾನಿಯಿಂದ ಕಾರು ಓಡದ ಸ್ಥಿತಿಗೆ ಬಂದರೆ, ಹತ್ತಿರದ ರಿಪೇರಿ ಜಾಗಕ್ಕೆ ಸಾಗಿಸುವ ಖರ್ಚನ್ನು ಒಂದು ಅಪಘಾತಕ್ಕೆ 1,500 ರೂಪಾಯಿ ಮೀರದಂತೆ ಕಂಪನಿ ಕೊಡುತ್ತದೆ. ದ್ವಿಚಕ್ರ ವಾಹನಕ್ಕಾದರೆ 300 ರೂಪಾಯಿ. ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಟೋ ಗಾಡಿ ಕರೆಸಿದವರಿಗೆ ಈ 1,500 ಎಲ್ಲಿಗೂ ಸಾಲದೆಂದು ಗೊತ್ತು. ಟೋ ಗಾಡಿಯವರು ಕಿಲೋಮೀಟರ್ ಲೆಕ್ಕ ಹಾಕುವಾಗ ತಾವು ಖಾಲಿ ಬರುವ ದಾರಿಯನ್ನೂ ಸೇರಿಸುತ್ತಾರೆ.

ಈ ಗೊಂದಲಕ್ಕೆ ಇನ್ನೊಂದು ಬಾಲ ಇದೆ: ‘ಆರ್‌ಎಸ್‌ಎಗೆ ಫೋನ್ ಮಾಡಿದರೆ ಎನ್‌ಸಿಬಿ ಹೋಗುತ್ತೆ.’ ಹೋಗುವುದಿಲ್ಲ. ಎನ್‌ಸಿಬಿ ಎಂದರೆ ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದಿದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಸ್ವಂತ ಗಾಡಿಯ ಹಾನಿಯ ಕ್ಲೇಮಿಗೆ ಸಂಬಂಧಿಸಿದ್ದು. ಮೊದಲ ವರ್ಷಕ್ಕೆ 20 ಶೇಕಡಾದಿಂದ ಶುರುವಾಗಿ, ಐದು ವರ್ಷ ಕ್ಲೇಮ್ ಇಲ್ಲದಿದ್ದರೆ 50ಕ್ಕೆ ಮುಟ್ಟುತ್ತದೆ. ಬ್ಯಾಟರಿಗೆ ಜಂಪ್ ಕೊಡಿಸಿದ್ದು, ಚಕ್ರ ಬದಲಿಸಿದ್ದು, ಗಾಡಿ ಎಳೆಸಿದ್ದು ಸೇವೆಯ ಕರೆಗಳು, ಕ್ಲೇಮುಗಳಲ್ಲ. ಎನ್‌ಸಿಬಿ ಉಳಿಸಿಕೊಳ್ಳಲೆಂದು, ಇರುವ ಸೇವೆ ಬಿಟ್ಟು ಮೂರು ಸಾವಿರ ಕೊಟ್ಟು ಟೋ ಮಾಡಿಸಿದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಪದವೊಂದರ ತಪ್ಪು ಬಳಕೆ ತಂದ ನಷ್ಟ ಅದು.

‘ಮೆಂಬರ್‌ಶಿಪ್’ ಕೂಡ ದಾರಿ ತಪ್ಪಿಸುವ ಪದವೇ. ಅದು ಬಂದದ್ದು ಮೋಟಾರು ಕ್ಲಬ್ಬುಗಳಿಂದ. ಅಮೆರಿಕದ ಎಎಎ (ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್) 1902ರಲ್ಲಿ, ಬ್ರಿಟನ್ನಿನ ಎಎ (ಆಟೊಮೊಬೈಲ್ ಅಸೋಸಿಯೇಷನ್) 1905ರಲ್ಲಿ ಹುಟ್ಟಿದವು. ಎಎ ಹುಟ್ಟಿದ್ದಂತೂ ವೇಗ ಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ಹೊಂಚು ಹಾಕಿದ್ದಾರೆಂದು ಸದಸ್ಯರಿಗೆ ಮುನ್ಸೂಚನೆ ಕೊಡುವುದಕ್ಕೆ. ಗಾಡಿ ರಿಪೇರಿಯ ನೆರವು ಆಮೇಲೆ ಸೇರಿದ್ದು. ನಮ್ಮಲ್ಲಿ ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ 1919ರದ್ದು. ಕ್ಲಬ್ಬಿನ ಸದಸ್ಯತ್ವ ಮನುಷ್ಯನದು. ಎಎಎ ಸದಸ್ಯರು ಗೆಳೆಯನ ಕಾರಿನಲ್ಲಿ ಕೂತು ಹೋಗುವಾಗ ಅದು ಕೆಟ್ಟರೂ ತಮ್ಮ ಕಾರ್ಡು ತೋರಿಸಿ ನೆರವು ಪಡೆಯಬಹುದು. ಅಮೆರಿಕದಲ್ಲಿರುವ ಮಗ ಊರಿನ ಅಪ್ಪನಿಗೆ ‘ಒಂದು ಮೆಂಬರ್‌ಶಿಪ್ ತಗೊಳ್ಳಿ, ಮನೆಯವರಿಗೆಲ್ಲ ಆಗುತ್ತೆ’ ಎಂದು ಹೇಳುವುದು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ. ಆದರೆ ಇಲ್ಲಿ ಮಾರಾಟವಾಗುವ ಬಹುಪಾಲು ಪ್ಲಾನುಗಳು ಗಾಡಿಯ ನೋಂದಣಿ ಸಂಖ್ಯೆಗೆ ಅಂಟಿಕೊಂಡಿವೆ. ಅಪ್ಪನ ಹೆಸರಿನ ಪ್ಲಾನ್ ಇದ್ದರೂ ಅಣ್ಣನ ಕಾರು ಹಾಸನದ ಬೈಪಾಸಿನಲ್ಲಿ ನಿಂತರೆ ಯಾರೂ ಬರುವುದಿಲ್ಲ. ಮನೆಯಲ್ಲಿ ಎರಡು ಕಾರಿದ್ದರೆ ಎರಡು ಲೆಕ್ಕ.

ಇನ್ನು ಸ್ಟೆಪ್ನಿಯ ವಿಷಯಕ್ಕೆ ಬರಲೇಬೇಕು. ಅದು ಇರುವಾಗ ಇದೆಲ್ಲ ಯಾಕೆ ಎನ್ನುವ ಹಿರಿಯರ ವಾದದಲ್ಲಿ ಹುರುಳಿತ್ತು. ಸ್ಟೆಪ್ನಿ ವೇಲ್ಸ್‌ನ ಲನೆಲ್ಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿ ಕಬ್ಬಿಣ ಸಾಮಾನಿನ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು ಸ್ಪೋಕ್ ಇಲ್ಲದ ಬರೀ ರಿಮ್ಮಿಗೆ ಗಾಳಿ ತುಂಬಿದ ಟೈರು ಕೂರಿಸಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಬಿಗಿಯುವ ಉಪಾಯ ಮಾಡಿದರು. ಆಗಿನ ಕಾರುಗಳಲ್ಲಿ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. ಬೀದಿಯಿಂದ ಅವರ ಕಂಪನಿಗೆ ಬಂದ ಆ ಹೆಸರು ಅದು ಹುಟ್ಟಿದ ದೇಶದಲ್ಲಿ ಬಹುತೇಕ ಮರೆತೇಹೋಗಿದೆ, ನಮ್ಮ ಪ್ರತಿ ಪಂಕ್ಚರ್ ಅಂಗಡಿಯಲ್ಲಿ ಜೀವಂತವಾಗಿದೆ. ಸ್ಟೆಪ್ನಿ, ಜಾಕು, ವೀಲ್ ಪಾನಾ, ಕಟ್ಟಲು ಒಂದು ಗಟ್ಟಿ ಹಗ್ಗ: ಇಷ್ಟಿದ್ದರೆ ದಾರಿಯ ನೆರವು ಡಿಕ್ಕಿಯಲ್ಲೇ ಇದ್ದ ಹಾಗೆ ಎಂಬ ನಂಬಿಕೆ ನೂರು ವರ್ಷ ನಡೆಯಿತು.

ಆದರೆ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರಿನ ಜೊತೆಗೆ ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸಿಎನ್‌ಜಿ ಮತ್ತು ಎಲೆಕ್ಟ್ರಿಕ್ ಕಾರುಗಳ ಡಿಕ್ಕಿ ತೆರೆದು ನೋಡಿ, ಕೆಲವುಗಳಲ್ಲಿ ಸ್ಟೆಪ್ನಿ ಇರುವುದೇ ಇಲ್ಲ. ಮೊಳೆ ಚುಚ್ಚಿದ ತೂತಿಗೆ ಕಿಟ್ ಸಾಕು. ಗುಂಡಿಯ ಅಂಚಿಗೆ ಬಡಿದು ಟೈರಿನ ಪಕ್ಕೆ ಸೀಳಿದರೆ ಕಿಟ್ಟಿನಿಂದ ಏನೂ ಆಗುವುದಿಲ್ಲ, ಗಾಡಿಯನ್ನು ಎತ್ತಿಕೊಂಡೇ ಹೋಗಬೇಕು. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೆ ಆರ್‌ಎಸ್‌ಎ ಬೇಕೇ ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ. ಪಾಲಿಸಿಯಲ್ಲೂ ಬರೀ ಟೈರು ಹೋದರೆ ಕ್ಲೇಮ್ ಇಲ್ಲ; ಜೊತೆಗೆ ಗಾಡಿಗೂ ಹಾನಿಯಾಗಿದ್ದರೆ ಮಾತ್ರ, ಅದೂ ಅರ್ಧ ಬೆಲೆ.

ಈಗ ದುಡ್ಡಿನ ಮಾತು. ಪ್ಲಾನುಗಳನ್ನು ಹೋಲಿಸುವವರು ಸೌಲಭ್ಯಗಳ ಸಂಖ್ಯೆ ಎಣಿಸುತ್ತಾರೆ: ಇದರಲ್ಲಿ ಹದಿನೈದು, ಅದರಲ್ಲಿ ಹತ್ತು. ಇದು ವ್ಯರ್ಥ. ಕೀಲಿ ಕಳೆದರೆ ನೆರವು, ಹೋಟೆಲ್ ಬುಕಿಂಗ್, ಫೋನಿನಲ್ಲಿ ಮೆಕ್ಯಾನಿಕ್ ಸಲಹೆ ಎಲ್ಲ ಅಲಂಕಾರ. ಬೆಲೆ ಇರುವುದು ಟೋಯಿಂಗ್ ದೂರದಲ್ಲಿ. ‘ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್‌ವರೆಗೆ ಅಥವಾ 50 ಕಿ.ಮೀ., ಯಾವುದು ಕಡಿಮೆಯೋ ಅಷ್ಟು’ ಎಂಬಂಥ ಸಾಲು ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ನಿಮ್ಮ ದಾರಿಯ ಮೇಲಿಟ್ಟು ನೋಡಿ. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿ, ಕೊಟ್ಟಿಗೆಹಾರದ ಹತ್ತಿರ, ಮಳೆಯಲ್ಲಿ ಗಾಡಿ ನಿಂತಿತು ಎನ್ನಿ. ಚಿಕ್ಕಮಗಳೂರು ಐವತ್ತರ ಆಸುಪಾಸು, ಮಂಗಳೂರು ನೂರರ ಹತ್ತಿರ. 50ರ ಪ್ಲಾನ್ ಇದ್ದವರು ಅಂಚಿನಲ್ಲಿ ಪಾರಾಗುತ್ತಾರೆ ಅಥವಾ ಉಳಿದ ದೂರಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ತೆರುತ್ತಾರೆ. 25ರ ಪ್ಲಾನ್ ಬೆಂಗಳೂರಿನ ರಿಂಗ್ ರೋಡಿಗೆ ಧಾರಾಳ, ಮಲೆನಾಡಿನ ಯಾವ ಘಾಟಿಗೂ ಸಾಲದು. ಹೆಚ್ಚು ದೂರದ ಪ್ಲಾನಿಗೆ ಕೆಲವು ನೂರು ಹೆಚ್ಚು ಕೊಡಲು ಹಿಂದೆಮುಂದೆ ನೋಡುವವರು ಅದೇ ಕಾರಿಗೆ ಸೀಟ್ ಕವರ್ ಹಾಕಿಸುವಾಗ ನೋಡುವುದಿಲ್ಲ.

ಕೊಳ್ಳುವ ಮೊದಲು ಈಗಾಗಲೇ ಇದೆಯೇ ಎಂದು ಹುಡುಕಿ. ಹೊಸ ಕಾರಿನ ಜೊತೆ ತಯಾರಕರೇ ಕೆಲವು ವರ್ಷ ಕೊಟ್ಟಿರುತ್ತಾರೆ, ಸರ್ವಿಸ್ ಬುಕ್ಕಿನಲ್ಲಿ ನಂಬರು ಇರುತ್ತದೆ. ವಿಮೆಯ ಆಡ್‌ಆನ್ (ಹೆಚ್ಚುವರಿ ರಕ್ಷಣೆ) ಪಟ್ಟಿಯಲ್ಲಿ ಕೆಲವು ನೂರಕ್ಕೆ ಸೇರಿರಬಹುದು. ಎರಡೂ ಇದ್ದು ಮೂರನೆಯದನ್ನು ಶೋರೂಮಿನಲ್ಲಿ ಮಾರಿಸಿಕೊಂಡವರು ಬಹಳ ಜನ. ಇನ್ನೊಂದು ಕಡೆ, ಹತ್ತು ದಾಟಿದ ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದವರಿಗೆ ಸಾಮಾನ್ಯವಾಗಿ ಆಡ್‌ಆನ್ ಸಿಗುವುದಿಲ್ಲ. ಹಳೆಯದಾದಷ್ಟೂ ಕೆಟ್ಟು ನಿಲ್ಲುವುದು ಹೆಚ್ಚು, ಆದ್ದರಿಂದ ಪ್ರತ್ಯೇಕ ಮೆಂಬರ್‌ಶಿಪ್ ನಿಜವಾಗಿ ಬೇಕಿರುವುದು ಇವರಿಗೇ. ಆದರೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ನರಳುವ ನಾಲ್ಕು ವರ್ಷದ ಬ್ಯಾಟರಿ ಇಟ್ಟುಕೊಂಡು ಮೆಂಬರ್‌ಶಿಪ್ ಹುಡುಕಬೇಡಿ. ಮೊದಲು ಬ್ಯಾಟರಿ ಬದಲಿಸಿ. ಗಾಡಿ ನಿಂತ ಮೇಲೆ ಪ್ಲಾನ್ ಕೊಂಡು ಅವತ್ತೇ ಕರೆಯುತ್ತೇನೆ ಎನ್ನುವುದೂ ನಡೆಯುವುದಿಲ್ಲ; ಶುರುವಾಗಲು ಕೆಲವು ದಿನ ಕಾಯಬೇಕೆಂಬ ಷರತ್ತು ಇದೇ ಜಾಣತನವನ್ನು ತಡೆಯಲು ಇರುವುದು.

ಊರೊಳಗೆ ಮನೆ, ಆಫೀಸು, ಮಕ್ಕಳ ಶಾಲೆ ಎಂದು ಓಡಿಸುವವರಿಗೆ, ಪರಿಚಯದ ಮೆಕ್ಯಾನಿಕ್ ಒಬ್ಬ ಫೋನ್ ಎತ್ತುವವರಿಗೆ, ನನ್ನ ಅಭಿಪ್ರಾಯದಲ್ಲಿ ಆರ್‌ಎಸ್‌ಎ ಬೇಡ. ರಾತ್ರಿ ಪಾಳಿ ಮುಗಿಸಿ ಒಬ್ಬರೇ ಬರುವವರಿಗೆ, ವಯಸ್ಸಾದವರನ್ನು ಕರೆದುಕೊಂಡು ತಿಂಗಳಿಗೊಮ್ಮೆ ಊರಿಗೆ ಹೋಗುವವರಿಗೆ ಲಾಭನಷ್ಟದ ಲೆಕ್ಕವನ್ನೇ ಹಾಕದೆ ಬೇಕು. ಕತ್ತಲಲ್ಲಿ ಅಪರಿಚಿತ ಟೋ ಗಾಡಿಯವನ ಜೊತೆ ಚೌಕಾಸಿ ಮಾಡುವ ಸ್ಥಿತಿ ತಪ್ಪುತ್ತದಲ್ಲ, ಅದಕ್ಕೇ ಆ ದುಡ್ಡು.

1033 ಇದೆಯಲ್ಲ ಎಂಬ ಮಾತೂ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಈ ಸಹಾಯವಾಣಿ ಉಪಯುಕ್ತ, ನಂಬರು ಫೋನಿನಲ್ಲಿರಲಿ. ಟೋಲ್ ರಸ್ತೆಯ ಗಸ್ತು ಗಾಡಿ ಮತ್ತು ಕ್ರೇನಿನ ಉದ್ದೇಶ ದಾರಿ ತೆರವು ಮಾಡುವುದು. ನಿಮ್ಮನ್ನು ಲೇನಿನಿಂದ ಸರಿಸಿ ಸುರಕ್ಷಿತ ಜಾಗಕ್ಕೆ ತರುತ್ತಾರೆ. ಅಲ್ಲಿಂದ ನಿಮ್ಮೂರಿನ ಗ್ಯಾರೇಜಿಗೆ ಮುಟ್ಟಿಸುವುದು ಅವರ ಕೆಲಸವಲ್ಲ.

ಕೊನೆಗೆ, ಟೋಯಿಂಗ್ ಎಂದರೆ ಹಗ್ಗ ಕಟ್ಟಿ ಎಳೆಯುವುದು ಎಂದುಕೊಂಡವರಿಗೆ. ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ಆಟೊಮ್ಯಾಟಿಕ್ ಕಾರನ್ನು ಮುಂದಿನ ಚಕ್ರ ನೆಲದಲ್ಲಿಟ್ಟು ದೂರ ಎಳೆದರೆ, ಎಂಜಿನ್ ಓಡದೆ ಗೇರ್‌ಬಾಕ್ಸಿನೊಳಗೆ ಆಯಿಲ್ ಹರಿಯುವುದಿಲ್ಲ, ಒಳಭಾಗ ಕಾದು ಹಾಳಾಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರ ತಿರುಗಿದರೆ ಮೋಟಾರು ವಿದ್ಯುತ್ ಉತ್ಪಾದಿಸತೊಡಗುತ್ತದೆ, ಅದಕ್ಕೂ ಹಾನಿ. ಈ ಗಾಡಿಗಳಿಗೆ ಫ್ಲಾಟ್‌ಬೆಡ್ಡೇ ಸುರಕ್ಷಿತ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗಳಿಗಂತೂ ಅದೇ ಬೇಕು: ಹಲಗೆ ಇಳಿಜಾರಾಗಿ ನೆಲಕ್ಕೆ ಬಾಗುತ್ತದೆ, ವಿಂಚಿನ ತಂತಿ ಕಾರನ್ನು ನಿಧಾನವಾಗಿ ಮೇಲೆಳೆಯುತ್ತದೆ, ಚಕ್ರಗಳಿಗೆ ಪಟ್ಟಿ ಬಿಗಿಯುತ್ತಾರೆ. ಪ್ಲಾನ್ ಕೊಳ್ಳುವಾಗ ಫ್ಲಾಟ್‌ಬೆಡ್ ಸೇರಿದೆಯೇ ಎಂದು ಕೇಳಿ. ಕರೆ ಮಾಡಿದಾಗ ಗಾಡಿ ಆಟೊಮ್ಯಾಟಿಕ್ ಎಂದು ನೀವೇ ಮೊದಲು ಹೇಳಿ. ಮುಂದಿನ ಚಕ್ರ ಮಾತ್ರ ಎತ್ತುವ ಗಾಡಿ ಬಂದು, ನಿಮ್ಮ ಕಾರಿನಲ್ಲಿ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕಾಗಿದ್ದು ಮೇಲೇಳಬೇಕಾದ್ದು ಅದೇ ಆಗಿದ್ದರೆ, ಚಾಲಕ ಎಷ್ಟೇ ಅವಸರ ಮಾಡಿದರೂ ವಾಪಸ್ ಕಳಿಸಿ, ಇನ್ನೊಂದು ಗಂಟೆ ಕಾಯಿರಿ.