ಬೋರ್ ಪಾಯಿಂಟ್ ನೋಡುವ ಮೆಷಿನ್, ಸಮುದ್ರದ ತಳದ ತಾಮ್ರ

ಆಂಧ್ರದ ಗಡಿಯಲ್ಲಿರುವ ನಮ್ಮ ಮಡಕಶಿರಾ ಸೀಮೆಯಲ್ಲಿ ಬೋರ್ ಕೊರೆಸುವ ಮುಂಚೆ ಪಾಯಿಂಟ್ ನೋಡಿಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೋಡುವವರಿದ್ದಾರೆ, ಮೆಷಿನ್ ತರುವವರೂ ಇದ್ದಾರೆ. ಮೆಷಿನ್‌ನವರು ಹೊಲದಲ್ಲಿ ನಾಲ್ಕು ಕಬ್ಬಿಣದ ಗೂಟ ಹೊಡೆದು, ವೈರ್ ಎಳೆದು, ನೆಲಕ್ಕೆ ಕರೆಂಟ್ ಬಿಡುತ್ತಾರೆ. ಗಟ್ಟಿ ಬಂಡೆಯಲ್ಲಿ ಕರೆಂಟ್ ಹರಿಯುವುದು ಕಷ್ಟ. ಬಿರುಕಿನಲ್ಲಿ ನೀರಿದ್ದರೆ ಸಲೀಸು. ಅಗಳಿ, ಅಮರಾಪುರದ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಈ ವಿದ್ಯೆ ಬೆಳೆದದ್ದು ಅದಿರು ಹುಡುಕುವವರ ಕೈಯಲ್ಲಿ.

1830ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ರಾಬರ್ಟ್ ಫಾಕ್ಸ್ ಅವರು ತಾಮ್ರದ ಅದಿರಿನಲ್ಲಿ ತಾನಾಗಿಯೇ ಕರೆಂಟ್ ಹರಿಯುವುದನ್ನು ಕಂಡರು. 1912ರಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ ತಾವೇ ಕರೆಂಟ್ ಬಿಟ್ಟು ನೆಲದೊಳಗಿನ ನಕ್ಷೆ ಬರೆದರು. ನೀರಿಗಾಗಿ ಗೂಟ ಹೊಡೆಯುವ ಒಂದು ಕ್ರಮಕ್ಕೆ ಇವತ್ತಿಗೂ ಅವರದೇ ಹೆಸರು.

ಇವರೆಲ್ಲ ಹುಡುಕುತ್ತಿದ್ದದ್ದು ಗಂಧಕದ ಜೊತೆ ಕೂಡಿದ ಲೋಹ, ಅಂದರೆ ಸಲ್ಫೈಡ್. ಕೆಲವು ಕಡೆ ಕಲ್ಲಿನ ಅರ್ಧಕ್ಕಿಂತ ಜಾಸ್ತಿ ಸಲ್ಫೈಡೇ ಇರುತ್ತದೆ. ಅದಕ್ಕೆ ಮ್ಯಾಸಿವ್ ಸಲ್ಫೈಡ್ ಅಂತ ಹೆಸರು. ಅದರಲ್ಲಿ ಸಾಮಾನ್ಯವಾಗಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಹಳಬರು ತುಕ್ಕು ಬಣ್ಣದ ಬಂಡೆ, ಹಸಿರು ಕಲೆ ನೋಡಿ ಅಗೆಯುತ್ತಿದ್ದರು. ಗುರುತೇ ಇಲ್ಲದ ಕಡೆ ಮೆಷಿನ್ ಬೇಕಾಯಿತು. ಕೆನಡಾದ ಕಿಡ್ ಕ್ರೀಕ್‌ನಲ್ಲಿ 1959ರಲ್ಲಿ ಆಕಾಶದಿಂದ ಸರ್ವೆ ಮಾಡಿದಾಗ ಸುಳಿವು ಸಿಕ್ಕಿತು. 1963ರ ನವೆಂಬರ್‌ನಲ್ಲಿ ಕೊರೆದರೆ ತಾಮ್ರ, ಸತುವಿನ ದೊಡ್ಡ ನಿಧಿ! ಎಲ್ಲ ಕಡೆ ಹೀಗಾಗುವುದಿಲ್ಲ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಕೂಡ ಕರೆಂಟ್ ಹರಿಸುತ್ತದೆ, ಎಷ್ಟೋ ಸಲ ಕೊರೆದವರಿಗೆ ಸಿಗುವುದು ಅದೊಂದೇ. ಬೋರ್ ಫೇಲ್ ಆದಾಗಿನ ಸಂಕಟ ನಮಗೆ ಗೊತ್ತು, ಅಲ್ವಾ?

ಇಷ್ಟೊಂದು ಲೋಹ ಒಂದೇ ಕಡೆ ಸೇರಿದ್ದು ಹೇಗೆ? ಇದರ ಬಗ್ಗೆ ಬಹಳ ವರ್ಷ ವಾದ ನಡೆಯಿತು. ಜಪಾನಿನ ಭೂವಿಜ್ಞಾನಿಗಳು ತಮ್ಮ ಕುರೊಕೊ, ಅಂದರೆ ಕರಿ ಅದಿರನ್ನು ನೋಡಿ, ಇದು ಸಮುದ್ರದ ತಳದಲ್ಲೇ ಆದದ್ದು ಅಂದರು. 1979ರಲ್ಲಿ ಅದು ಕಣ್ಣಿಗೇ ಕಂಡಿತು. ಪೆಸಿಫಿಕ್ ಸಾಗರದಲ್ಲಿ ಸುಮಾರು 2,600 ಮೀಟರ್ ಆಳಕ್ಕೆ ಇಳಿದ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿಯ ಮುಂದೆ ಕಲ್ಲಿನ ಚಿಮಣಿಗಳಿಂದ ಕರಿ ಹೊಗೆಯಂಥ ನೀರು ಉಕ್ಕುತ್ತಿತ್ತು. ಬಿಸಿ ಅಳೆಯಲು ಚಾಚಿದ ಕೋಲಿನ ತುದಿ ಕರಗಿಹೋಯಿತು. ಆಮೇಲೆ ಅಳೆದರೆ ಸುಮಾರು 350 ಡಿಗ್ರಿ! ಸಮುದ್ರದ ನೀರು ಬಿರುಕಿನಲ್ಲಿ ಇಳಿದು, ಕೆಳಗಿನ ಕಾವಿಗೆ ಕಾದು, ಕಲ್ಲಿನೊಳಗಿನ ಲೋಹವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ತಣ್ಣೀರು ತಾಗಿದ ಕೂಡಲೇ ಸಲ್ಫೈಡ್ ಬೇರೆಯಾಗಿ ಅಲ್ಲೇ ಗುಡ್ಡೆ ಬೀಳುತ್ತದೆ. ನನಗಂತೂ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನಿಸಿದ್ದು ಇದೇ.

ಅಲ್ಲಿಂದ ಹುಡುಕಾಟದ ದಾರಿ ಬದಲಾಯಿತು. ಸುಮ್ನೆ ಕರೆಂಟ್ ಬಿಟ್ಟರೆ ಸಾಲದು, ಈಗ ನೆಲವಾಗಿರುವ ಹಳೇ ಸಮುದ್ರದ ತಳ ಎಲ್ಲಿದೆ ಅಂತ ಮೊದಲು ನೋಡಬೇಕು. ಭಾರತ ಈಗಿನ ಸಮುದ್ರದಲ್ಲೂ ಹುಡುಕುತ್ತಿದೆ. ಹಿಂದೂ ಮಹಾಸಾಗರದ 10,000 ಚದರ ಕಿಲೋಮೀಟರ್ ಜಾಗಕ್ಕೆ 2016ರಲ್ಲಿ ಒಪ್ಪಂದವಾಗಿದೆ.

ಹಳೇ ತಳ ನೋಡಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಗಡಿ ದಾಟಿ, ಹಿರಿಯೂರಿನ ಮೇಲೆ ಚಿತ್ರದುರ್ಗದ ಕಡೆ ಹೋದರೆ ಮರಡಿಹಳ್ಳಿ ಸಿಗುತ್ತದೆ. ಲಾವಾ ನೀರಿನೊಳಗೆ ಉಕ್ಕಿ, ತಣ್ಣಗಾಗಿ, ದಿಂಬು ಪೇರಿಸಿದ ಹಾಗೆ ಕಲ್ಲಾಗಿ ನಿಂತಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಹಟ್ಟಿ ಚಿನ್ನದ ಗಣಿ ಕಂಪನಿಯವರು ತಾಮ್ರ ತೆಗೆಯುತ್ತಿದ್ದ ಇಂಗಳದಾಳ್ ಇರುವುದೂ ಇದೇ ಕಲ್ಲಿನ ಪಟ್ಟಿಯಲ್ಲೇ. ಒಂದು ಹನಿ ನೀರಿಗೆ ಸಾವಿರ ಅಡಿ ಕೊರೆಸುವ ನಮ್ಮವರು ಒಮ್ಮೆ ಅಲ್ಲಿಗೆ ಹೋಗಿ ಆ ದಿಂಬುಗಲ್ಲು ಮುಟ್ಟಿ ನೋಡಿ ಬರಬೇಕು.